ನಿರ್ದೇಶಕರ ಕೋಣೆಯ ಮೆರೈನ್ ಪ್ಲೈವುಡ್

ಸಾರ್ವಜನಿಕ ನಾಮಫಲಕ ನಿರ್ದೇಶನಾಲಯದಲ್ಲಿ ಯಾವ ವಸ್ತುವೂ ಅದರ ಉಪಯೋಗಕ್ಕಾಗಿ ಇರುವುದಿಲ್ಲ, ಅದನ್ನು ಬಳಸುವವರ ದರ್ಜೆಗಾಗಿ ಇರುತ್ತದೆ. ಇದು ಯಾರೋ ಹೊಟ್ಟೆಕಿಚ್ಚಿನಿಂದ ಆಡಿದ ಮಾತಲ್ಲ. ಅಲ್ಲಿನ ಪೀಠೋಪಕರಣ ಕೈಪಿಡಿಯ ಮೊದಲನೇ ಪುಟದ ಮೊದಲನೇ ವಾಕ್ಯ. ಪ್ರಥಮ ದರ್ಜೆಯವರ ಕುರ್ಚಿ ಸುತ್ತಲೂ ತಿರುಗುತ್ತದೆ, ದ್ವಿತೀಯ ದರ್ಜೆಯವರದು ಹಿಂದಕ್ಕೆ ಮಾತ್ರ ವಾಲುತ್ತದೆ, ತೃತೀಯ ದರ್ಜೆಯವರದು ಅಲ್ಲಾಡುತ್ತದೆ. ಒಮ್ಮೆ ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳು ಮೂರು ಬಂದಾಗ ಮೂರನ್ನೂ ಮೇಲಿನ ಮಹಡಿಯಲ್ಲಿ ನಿರ್ದೇಶಕರ ಕೋಣೆಗೇ ಹಾಕಿಸಲಾಯಿತು. ಕೆಳಗಿನವರು ತಮ್ಮಲ್ಲಿ ಬೆಂಕಿ ಬಿದ್ದರೆ ಮೇಲಕ್ಕೆ ಅರ್ಜಿ ಕಳಿಸಬಹುದು ಎಂಬ ಅವಕಾಶವಿದೆ. ಈವರೆಗೆ ಒಂದು ಅರ್ಜಿಯೂ ಬಂದಿಲ್ಲವಾದ್ದರಿಂದ ವ್ಯವಸ್ಥೆ ಸಮರ್ಪಕವಾಗಿದೆ ಎಂದೇ ತಿಳಿಯಬೇಕು.

ಈ ನಿರ್ದೇಶನಾಲಯದಲ್ಲಿ ಒಬ್ಬ ಬಡಗಿಯಿದ್ದ. ಇದ್ದ ಅಂದರೆ ಹಂಗಾಮಿಯಾಗಿ ಇದ್ದ. ಹತ್ತೊಂಬತ್ತು ವರ್ಷಗಳಿಂದ, ವರ್ಷಕ್ಕೊಂದು ದಿನ ಅವನನ್ನು ಕೆಲಸದಿಂದ ತೆಗೆದು, ಮರುದಿನ ಹೊಸಬನೆಂದು ಸೇರಿಸಿಕೊಳ್ಳುತ್ತಿದ್ದರು. ಸೇರಿಸಿಕೊಳ್ಳುವಾಗ ಸೂಪರಿಂಟೆಂಡೆಂಟರು ಪ್ರತಿ ಸಲವೂ, "ಮರಗೆಲಸದಲ್ಲಿ ಏನಾದರೂ ಅನುಭವ ಇದೆಯೇ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳುವಾಗ ಅವರು ಮೊಣಕೈ ಊರಿರುತ್ತಿದ್ದ ಮೇಜನ್ನು ಮಾಡಿದವನು ಇವನೇ. "ಇದೆ ಸರ್" ಎಂದು ಇವನೂ ಪ್ರತಿ ಸಲ ಹೇಳುತ್ತಿದ್ದ. ಇಬ್ಬರಿಗೂ ಇದರಲ್ಲಿ ಬೇಸರವೇನೂ ಇರಲಿಲ್ಲ.

ಬೇಸರ ಇದ್ದದ್ದು ಬೇರೆ ಕಡೆ. ಕಾಯಂ ಆದವರ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತಿತ್ತು. ಇವನದು ಸಾಮಾನಿನ ಪಟ್ಟಿಯಲ್ಲಿ, ಬಲ್ಬು, ಫಿನಾಯಿಲು, ಪೊರಕೆಗಳ ಕೆಳಗೆ, 'ಬಡಗಿ - ಒಂದು' ಎಂದು ಬರುತ್ತಿತ್ತು. ಅವನಿಗೆ ಒಮ್ಮೆಯಾದರೂ ಕಾಯಂ ಆಗಿ, ಎಲ್ಲರ ಹಾಗೆ ಆ ದಪ್ಪ ಪುಸ್ತಕ ಬಿಡಿಸಿ, ತನ್ನ ಹೆಸರಿನ ಮುಂದೆ ಒಂದು ಸಹಿ ಗೀಚಬೇಕೆಂಬ ಆಸೆ. ಅದಕ್ಕಾಗಿ ಮನೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಹಿ ಹಾಕಿ ಹಾಕಿ ಕೈ ಪಳಗಿಸಿಕೊಂಡಿದ್ದ. ಹೆಂಡತಿ ನೋಡಿ ನಕ್ಕರೆ ಕ್ಯಾಲೆಂಡರು ಮಡಚಿಡುತ್ತಿದ್ದ.

ಹೀಗಿರುವಾಗ ಕಟ್ಟಡದ ಮೂರು ಅಂತಸ್ತಿಗೂ ಹೊಸ ಬೀರುಗಳನ್ನು ಮಾಡಿಸುವುದೆಂದು ತೀರ್ಮಾನವಾಯಿತು. ಸೂಪರಿಂಟೆಂಡೆಂಟರು ಬಡಗಿಯನ್ನು ಕರೆಸಿದರು.

"ನೋಡಿ ಮೇಸ್ತ್ರಿ, ಈ ಕೆಲಸ ಮುಗಿಸಿ. ಮೂರು ತಿಂಗಳು ಬಿಟ್ಟು ಪರಿಶೀಲನೆ ಆಗುತ್ತೆ. ಒಂದು ಬಾಗಿಲೂ ಬಿಗಿಯಾಗಿರಬಾರದು, ಒಂದು ಹಲಗೆಯೂ ಬಾಗಿರಬಾರದು. ಆವಾಗ ತೃಪ್ತಿಕರ ಪ್ರಮಾಣಪತ್ರ ಕೊಡ್ತೀವಿ. ಅದು ಕೈಗೆ ಬಂತೋ, ನೀವು ಕಾಯಂ."

"ಖಂಡಿತವಾ ಸರ್?"

"ಸರ್ಕಾರಿ ಮಾತು ಕಣ್ರೀ ಇದು," ಎಂದು ಸೂಪರಿಂಟೆಂಡೆಂಟರು ಕೊಂಚ ನೊಂದುಕೊಂಡೇ ಹೇಳಿದರು.

ಬಡಗಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪ್ಲೈವುಡ್ ಬಂದ ದಿನ ಒಂದೊಂದೇ ಹಾಳೆಯನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಇಳಿಸಿಕೊಂಡ. ಬಂದದ್ದು ಮೂರು ಬಗೆ. ಮೇಲಿನ ಮುಖ ನೋಡಿದರೆ ಮೂರೂ ಅಕ್ಕತಂಗಿಯರೇ, ನುಣ್ಣಗೆ, ಬೆಳ್ಳಗೆ. ಆದರೆ ಬಡಗಿ ಮುಖ ನೋಡುವವನಲ್ಲ. ಬಗ್ಗಿ ಅಂಚು ನೋಡಿದ, ಪದರ ಎಣಿಸಿದ, ಪದರಗಳ ನಡುವೆ ಎಲ್ಲಿ ಸಂದು ಬಿಟ್ಟಿದೆ ಎಂದು ಉಗುರಲ್ಲಿ ಕೆದಕಿದ, ಸುತ್ತಿಗೆಯ ಹಿಂಬದಿಯಿಂದ ಉದ್ದಕ್ಕೂ ತಟ್ಟಿ ಕಿವಿಗೊಟ್ಟ. ಪೊಳ್ಳು ಇದ್ದಲ್ಲಿ ಸದ್ದು ಬೇರೆ ಬರುತ್ತದೆ. ಕೊನೆಗೆ ಒಂದೊಂದರಿಂದ ಅಂಗೈಯಗಲದ ತುಂಡು ಕತ್ತರಿಸಿಕೊಂಡು ಕೆಳಗಿನ ಅಂತಸ್ತಿನ ಕ್ಯಾಂಟೀನಿಗೆ ಹೋದ.

ಕ್ಯಾಂಟೀನು ನಡೆಸುವ ಅಕ್ಕ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಏನಪ್ಪಾ ಇದು? ಇವತ್ತು ಎಲ್ಲರ ಊಟಕ್ಕೂ ಹಲಗೆನಾ?"

"ಒಂದು ಪಾತ್ರೆ ಕೊಡಕ್ಕಾ. ಸಂಜೆವರೆಗೂ ಕುದೀಲಿ. ಆಮೇಲೆ ನೋಡು ತಮಾಷೆ."

ಸಂಜೆಗೆ ತಮಾಷೆ ಕಾಣಿಸಿತು. ಮೊದಲನೆಯದು, ಅಂಗಡಿಯವರು ಕಮರ್ಷಿಯಲ್ ಅನ್ನುವ ಮಾಮೂಲಿ ಪ್ಲೈವುಡ್, ಹಳೇ ಪುಸ್ತಕದ ಹಾಗೆ ಪುಟಪುಟವಾಗಿ ಬಿಚ್ಚಿಕೊಂಡಿತ್ತು. ಎರಡನೆಯದು ಅಂಚಿನಲ್ಲಿ ಕೊಂಚ ಉಬ್ಬಿ ಸುಮ್ಮನಾಗಿತ್ತು. ಮೂರನೆಯದು ಮೆರೈನ್. ಅದಕ್ಕೆ ಏನೂ ಆಗಿರಲಿಲ್ಲ. ಸ್ನಾನ ಮುಗಿಸಿ ಬಂದವರ ಹಾಗೆ ಹಬೆಯಾಡುತ್ತ ಕೂತಿತ್ತು.

"ಎಲ್ಲದೂ ಮರವೇ ಅಕ್ಕ, ವ್ಯತ್ಯಾಸ ಇರೋದು ಮುಖ್ಯವಾಗಿ ಅಂಟಿನಲ್ಲಿ," ಎಂದ ಬಡಗಿ. "ಈ ಮೂರನೆಯದನ್ನ ನಿನ್ನ ಸಿಂಕಿನ ಕೆಳಗೆ ಹಾಕ್ತೀನಿ. ನೀನು ಎಷ್ಟು ಬೇಕಾದ್ರೂ ನೀರು ಚೆಲ್ಲು."

"ನಾನೆಲ್ಲಿ ಚೆಲ್ತೀನಿ? ನಲ್ಲೀನೇ ಚೆಲ್ಲುತ್ತೆ," ಎಂದಳು ಅಕ್ಕ.

ಬಡಗಿ ಮೂರು ತುಂಡನ್ನೂ ಸೂಪರಿಂಟೆಂಡೆಂಟರ ಮೇಜಿನ ಮೇಲೆ ಸಾಲಾಗಿ ಇಟ್ಟ. ಅವರು ಕರವಸ್ತ್ರದಲ್ಲಿ ಎತ್ತಿ ಎತ್ತಿ ನೋಡಿದರು.

"ಹಾಗಾದ್ರೆ ಮೂರನೆಯದೇ ಶ್ರೇಷ್ಠ ಅನ್ನಿ."

"ನೀರಿರೋ ಕಡೆಗೆ ಶ್ರೇಷ್ಠ ಸರ್. ಒಣ ಜಾಗಕ್ಕೆ ಮೊದಲನೆಯದೇ ಧಾರಾಳ. ನೀರು ತಾಗದಿದ್ರೆ ವರ್ಷಗಟ್ಟಲೆ ಜಪ್ಪಯ್ಯ ಅನ್ನಲ್ಲ."

"ಶ್ರೇಷ್ಠವಾದದ್ದು ನಿರ್ದೇಶಕರಿಗೆ. ನಡುವಿನದು ನಡುವಿನ ಮಹಡಿಗೆ. ಉಳಿದದ್ದು ಕೆಳಕ್ಕೆ."

"ಸರ್, ನಿರ್ದೇಶಕರ ಕೋಣೆಲಿ ನೀರೇ ಇಲ್ವಲ್ಲ! ಎಸಿ ಓಡಿ ಓಡಿ ಗೋಡೆ ಕೂಡ ಒಣಗಿ ಬಿರುಕು ಬಿಟ್ಟಿದೆ."

ಸೂಪರಿಂಟೆಂಡೆಂಟರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಮಾತು ಗಂಭೀರ ಎಂದು ಅರ್ಥ. "ನೀರಿಲ್ಲ ಅನ್ನೋ ಕಾರಣಕ್ಕೆ ಅವರಿಗೆ ನೀರು ತಡೆಯೋ ಬೀರು ಇಟ್ಟುಕೊಳ್ಳೋ ಯೋಗ್ಯತೆ ಇಲ್ವಾ? ಕುದಿಯೋ ನೀರಿಗೂ ಜಗ್ಗದ ಹಲಗೇನ ಮುಸುರೆ ಪಾತ್ರೆ ಪಕ್ಕ ಇಟ್ಟು, ನಾಳೆ ಅವರ ಎದುರು ನಾನು ಯಾವ ಮುಖ ಹೊತ್ತು ನಿಲ್ಲಲಿ?"

"ಹಲಗೆ ಆರಿಸೋವಾಗ ನೀರು ಎಲ್ಲಿದೆ ಅಂತ ನೋಡ್ಬೇಕು ಸರ್, ಯಾರು ಕೂತಿದ್ದಾರೆ ಅಂತಲ್ಲ."

"ಮೇಸ್ತ್ರಿ, ನಿಮಗಿನ್ನೂ ದರ್ಜೆ ಇಲ್ಲ. ಅದಕ್ಕೇ ಹೀಗೆಲ್ಲ ಯೋಚನೆ ಬರುತ್ತೆ. ಕಾಯಂ ಆದ ಮೇಲೆ ಸರಿಹೋಗುತ್ತೆ."

ಅಂದೇ ಸುತ್ತೋಲೆ ಹೊರಟಿತು. 'ಪ್ಲೈವುಡ್ಡಿನ ದರ್ಜೆಗಳೂ ನಿರ್ದೇಶನಾಲಯದ ದರ್ಜೆಗಳೂ ಮೂರು ಮೂರೇ ಇರುವುದು ಕಾಕತಾಳೀಯವಲ್ಲವೆಂದು ಪರಿಗಣಿಸಿ, ಆಯಾ ದರ್ಜೆಯ ಪ್ಲೈವುಡ್ಡನ್ನು ಆಯಾ ದರ್ಜೆಯ ಅಂತಸ್ತಿನಲ್ಲಿಯೇ ಅಳವಡಿಸತಕ್ಕದ್ದು. ತನ್ನ ದರ್ಜೆಯದ್ದಲ್ಲದ ಪ್ಲೈವುಡ್ಡನ್ನು ಯಾವ ನೌಕರನೂ ಬಳಸುವುದಾಗಲಿ, ಒರಗುವುದಾಗಲಿ, ಮುಟ್ಟುವುದಾಗಲಿ ನಿಷಿದ್ಧ.'

ಬಡಗಿ ಮನೆಗೆ ಹೋಗಿ ತಲೆಯ ಮೇಲೆ ಕೈಹೊತ್ತು ಕೂತ. ಹೆಂಡತಿ ತಟ್ಟೆ ತಂದಿಟ್ಟಳು.

"ರೀ, ನಿಮಗೆ ಬೇಕಾಗಿರೋದು ಆ ಸಿಂಕಿನ ಕೆಳಗಿನ ಬೀರು ಬಾಳೋದಾ, ನೀವು ಕಾಯಂ ಆಗೋದಾ?"

"ಎರಡೂ ಒಂದೇ ಕಣೇ! ಅದು ಬಾಳದಿದ್ರೆ ನಾನೆಲ್ಲಿ ಕಾಯಂ? ಮೂರು ತಿಂಗಳಿಗೆ ಸರಿಯಾಗಿ ಬಂದು ಬಾಗಿಲು ಎಳೆದು ನೋಡ್ತಾರೆ."

"ಹಾಗಾದ್ರೆ ಅವರು ಹೇಳಿದ್ದನ್ನ ಬಿಟ್ಟು ಬೇರೆ ಹಲಗೆ ಹಾಕಿಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಪ್ರತಿ ಹಾಳೆ ಮೇಲೂ ಅವರೇ ಸೀಲು ಒತ್ತಿದ್ದಾರೆ. ಸೀಲು ಹೊರಗೆ ಕಾಣೋ ಹಾಗೇ ಕೂಡಿಸಬೇಕಂತೆ."

ಹೆಂಡತಿ ತಟ್ಟೆಯನ್ನು ಅವನತ್ತ ಸರಿಸಿದಳು. "ಹಾಗಾದ್ರೆ ಊಟ ಮಾಡಿ," ಎಂದಳು.

ಬಡಗಿ ತನ್ನ ಕೈಲಾದದ್ದನ್ನೆಲ್ಲ ಮಾಡಿದ. ಸಿಂಕಿನ ಕೆಳಗಿನ ಬೀರುವಿಗೆ ಮಾಮೂಲಿ ಪ್ಲೈವುಡ್ಡನ್ನೇ ಹಾಕಿ, ನೀರು ಕುಡಿಯುವುದು ಅಂಚಿನಿಂದಲೇ ಆದ್ದರಿಂದ ಎಲ್ಲ ಅಂಚಿಗೂ ಮೂರು ಮೂರು ಸಲ ಬಣ್ಣ ಬಳಿದ. ಕೆಳಗೆ ನಾಲ್ಕು ಕಾಲು ಕೊಟ್ಟು ನೆಲದಿಂದ ಎತ್ತರಿಸಿದ. ಮೇಲಿನ ಮಹಡಿಯಲ್ಲಿ ನಿರ್ದೇಶಕರ ಕೋಣೆಗೆ ಗೋಡೆಯುದ್ದಕ್ಕೂ ಮೆರೈನ್ ಬೀರು ಕಟ್ಟಿದ. ಸಮುದ್ರದಲ್ಲಿ ದೋಣಿಗೆ ಹಾಕಬಹುದಾದ ಆ ಹಲಗೆಯೊಳಗೆ ನಿರ್ದೇಶಕರು ಒಂದು ಛತ್ರಿ, ಒಂದು ಶಾಲು ಮತ್ತು ತಮ್ಮ ಸನ್ಮಾನದ ಫೋಟೊ ಇಟ್ಟರು.

ಒಂದು ತಿಂಗಳಾಗುವಷ್ಟರಲ್ಲಿ ಕ್ಯಾಂಟೀನಿನ ಅಕ್ಕ ಹೇಳಿ ಕಳಿಸಿದಳು. ಬಡಗಿ ಓಡಿ ಹೋದ.

"ನೋಡು ಬಾ ನಿನ್ನ ಬೀರುನ. ಹೊಟ್ಟೆ ಬಂದಿದೆ ಅದಕ್ಕೆ."

ಬಂದಿತ್ತು. ಪಕ್ಕದ ಹಲಗೆ ಉಬ್ಬಿ, ಬಾಗಿಲು ಮುಚ್ಚಲು ಅಕ್ಕ ಮೊಣಕಾಲು ಕೊಟ್ಟು ಒತ್ತಬೇಕಾಗಿತ್ತು. ಕೆಳಗಿನ ಮೂಲೆಯಲ್ಲಿ ಪದರ ಬಿಟ್ಟು, ನಡುವೆ ಎರಡು ಅಣಬೆ ಎದ್ದು ನಿಂತಿದ್ದವು. ಕ್ಯಾಲೆಂಡರಿನ ಹಿಂದೆ ಹಾಕಿದ ಸಹಿಗಳೆಲ್ಲ ಕಣ್ಣ ಮುಂದೆ ಬಂದು ಹೋದವು. "ಹೋಯ್ತಕ್ಕಾ, ಎಲ್ಲಾ ಹೋಯ್ತು," ಎಂದು ಅಲ್ಲೇ ಕೂತುಬಿಟ್ಟ. ಅಕ್ಕ ಒಂದು ಲೋಟ ಟೀ ಕೊಟ್ಟಳು. ಅಣಬೆಯನ್ನು ಮಾತ್ರ ಅಡುಗೆಗೆ ಆಗುತ್ತದೋ ಎಂದು ಅನುಮಾನದಿಂದ ನೋಡುತ್ತಿದ್ದಳು.

ವಿಷಯ ಮೇಲಕ್ಕೆ ಹೋಗಿ ವಿಚಾರಣಾ ಸಮಿತಿ ರಚನೆಯಾಯಿತು. ಅಧ್ಯಕ್ಷರು, ಸದಸ್ಯರು, ಕಾರ್ಯದರ್ಶಿ, ಮೂವರೂ ಸೂಪರಿಂಟೆಂಡೆಂಟರೇ. ನಿಷ್ಪಕ್ಷಪಾತಕ್ಕಾಗಿ ಮೂರು ಕುರ್ಚಿ ಹಾಕಿಸಿ ಸರದಿಯ ಮೇಲೆ ಒಂದೊಂದರಲ್ಲಿ ಕೂತರು. ಸದಸ್ಯರಾಗಿ ಒಂದು ಭಿನ್ನಮತವನ್ನೂ ಬರೆದರು, ಅಧ್ಯಕ್ಷರಾಗಿ ಅದನ್ನು ತಳ್ಳಿಹಾಕಿದರು. ಸಮಿತಿಯ ತೀರ್ಮಾನ ಹೀಗಿತ್ತು: ಸುತ್ತೋಲೆಯಲ್ಲಿ ತಪ್ಪಿಲ್ಲ, ಏಕೆಂದರೆ ಅದು ಸುತ್ತೋಲೆ. ಪ್ಲೈವುಡ್ಡಿನಲ್ಲಿ ತಪ್ಪಿಲ್ಲ, ಅದು ತನ್ನ ದರ್ಜೆಗೆ ತಕ್ಕಂತೆ ನಡೆದುಕೊಂಡಿದೆ. ಬಡಗಿಯಲ್ಲಿ ತಪ್ಪಿದೆಯೋ ಇಲ್ಲವೋ ಆಮೇಲೆ ನೋಡಬಹುದು. ಮೇಲ್ನೋಟಕ್ಕೆ ತಪ್ಪಿತಸ್ಥ ನೀರು.

ಮರುದಿನ ಕ್ಯಾಂಟೀನಿನ ನಲ್ಲಿಯ ಮೇಲೆ ನೋಟೀಸು ಅಂಟಿಸಲಾಯಿತು.

'ತಾವು ತೃತೀಯ ದರ್ಜೆಯ ಪ್ಲೈವುಡ್ಡಿನ ಸಹನಾಶಕ್ತಿಯನ್ನು ಮೀರಿ, ಪದೇ ಪದೇ, ಕಚೇರಿಯ ವೇಳೆಯಲ್ಲಿಯೂ ವೇಳೆಯ ಹೊರಗೂ ಹರಿದಿರುವುದು ಸಮಿತಿಯ ಗಮನಕ್ಕೆ ಬಂದಿದೆ. ತಮ್ಮ ಮೇಲೆ ಏಕೆ ಶಿಸ್ತುಕ್ರಮ ಜರುಗಿಸಬಾರದೆಂಬುದಕ್ಕೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.'

ಎರಡನೇ ದಿನಕ್ಕೆ ನೋಟೀಸು ನೆನೆದು ಶಾಯಿ ಹರಿದಿತ್ತು. ಹೀಗಾಗಿ ಅದು ನೀರಿಗೆ ತಲುಪಿದ್ದಕ್ಕೆ ಬೇರೆ ಪುರಾವೆ ಬೇಕಾಗಲಿಲ್ಲ. ಸೂಪರಿಂಟೆಂಡೆಂಟರು ದಿನವೂ ಹತ್ತೂವರೆಗೆ ಇಳಿದು ಬಂದು ನಲ್ಲಿಯ ಎದುರು ಐದು ನಿಮಿಷ ನಿಲ್ಲುತ್ತಿದ್ದರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಅವರು 'ಉದ್ಧಟ' ಎಂದು ಬರೆದುಕೊಂಡು ಹೋಗುತ್ತಿದ್ದರು.

ಏಳನೇ ದಿನ ಬಡಗಿಯ ತಾಳ್ಮೆ ಕೆಟ್ಟಿತು. ಪರಿಶೀಲನೆಗೆ ಇನ್ನು ಏಳು ವಾರವೂ ಇರಲಿಲ್ಲ.

"ಸರ್, ನಾಲ್ಕು ಹಾಳೆ ಮೆರೈನ್ ಉಳಿದಿದೆ. ಕೊಡಿ, ಮಧ್ಯಾಹ್ನಕ್ಕೆಲ್ಲ ಸರಿ ಮಾಡ್ತೀನಿ."

"ಕೆಳಗಿನ ಅಂತಸ್ತಿಗೆ ಪ್ರಥಮ ದರ್ಜೆ ಬರೋ ಹಾಗಿಲ್ಲ."

"ಪ್ಲೈವುಡ್ಡು ಕೆಳಗೆ ಬರಲ್ಲ ಅಂದ್ರೆ, ಹೋಗ್ಲಿ, ನೀರನ್ನೇ ಮೇಲಕ್ಕೆ ಹೊತ್ಕೊಂಡು ಹೋಗಿ ನಿರ್ದೇಶಕರ ಕೋಣೆಲಿ ಇಡಿ!" ಎಂದ ಬಡಗಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಸೂಪರಿಂಟೆಂಡೆಂಟರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದರು, ಹಾಕಿಕೊಂಡರು. "ಇನ್ನೊಂದು ಸಲ ಹೇಳಿ, ನಿಧಾನವಾಗಿ," ಎಂದು ಪೆನ್ನಿನ ಮುಚ್ಚಳ ಬಿಚ್ಚಿದರು.

ವರ್ಗಾವಣೆಯ ಆದೇಶ ಅದೇ ವಾರ ಬಂತು. ನೋಟೀಸಿಗೆ ಉತ್ತರಿಸದ ಕಾರಣ ನೀರನ್ನು ಏಕಪಕ್ಷೀಯವಾಗಿ ಕೆಳಗಿನ ಅಂತಸ್ತಿನಿಂದ ಬಿಡುಗಡೆಗೊಳಿಸಿ, ಅದನ್ನು ತಾಳಿಕೊಳ್ಳಬಲ್ಲ ಪ್ಲೈವುಡ್ ಇರುವ ಮೇಲಿನ ಮಹಡಿಗೆ, ನಿರ್ದೇಶಕರ ನೇರ ಮೇಲ್ವಿಚಾರಣೆಗೆ ವರ್ಗಾಯಿಸಲಾಗಿತ್ತು. ಕೊಳಾಯಿ ಕೆಲಸದವರು ಬಂದು ಪೈಪು ಎಳೆದರು. ಕ್ಯಾಂಟೀನಿನ ಸಿಂಕು ಕಿತ್ತು, ಮೇಲೆ ನಿರ್ದೇಶಕರ ಕುರ್ಚಿಯ ಬೆನ್ನಿಗೆ, ಸನ್ಮಾನದ ಫೋಟೊ ಇದ್ದ ಜಾಗದಲ್ಲಿ ಕೂಡಿಸಲಾಯಿತು. ನಿರ್ದೇಶಕರು ಮೊದಲ ದಿನ ಹುಬ್ಬು ಗಂಟಿಕ್ಕಿದರು. ಕಟ್ಟಡದಲ್ಲಿ ನೀರು ಹೊಂದುವ ದರ್ಜೆ ಇರುವುದು ತಮಗೊಬ್ಬರಿಗೇ ಎಂದು ಸೂಪರಿಂಟೆಂಡೆಂಟರು ಬಿಡಿಸಿ ಹೇಳಿದ ಮೇಲೆ ಆ ಹುಬ್ಬು ತಾನಾಗಿ ಇಳಿಯಿತು.

ಅಲ್ಲಿಂದ ಮುಂದೆ ಮಧ್ಯಾಹ್ನ ಒಂದು ಗಂಟೆಯಾದರೆ ಮೂರು ಅಂತಸ್ತಿನವರೂ ಊಟದ ಡಬ್ಬಿ ತೊಳೆಯಲು ನಿರ್ದೇಶಕರ ಕೋಣೆಯ ಮುಂದೆ ಸಾಲುಗಟ್ಟತೊಡಗಿದರು. ಬೀರು ಮುಟ್ಟದ ಹಾಗೆ ಎಲ್ಲರೂ ಹೊಟ್ಟೆ ಒಳಗೆಳೆದುಕೊಂಡು ನಿಂತು ತೊಳೆಯುತ್ತಿದ್ದರು. ಕ್ಯಾಂಟೀನಿನ ಅಕ್ಕ ದಿನಕ್ಕೆ ನಾಲ್ಕು ಸಲ ಲೋಟದ ಬುಟ್ಟಿ ಹೊತ್ತು ಬಂದು, "ಸ್ವಲ್ಪ ಕಾಲು ಎತ್ತಿ ಸಾರ್," ಎನ್ನುತ್ತಿದ್ದಳು. ನಿರ್ದೇಶಕರು ಕಾಲೆತ್ತಿಕೊಂಡೇ ಟಿಪ್ಪಣಿ ಹೇಳಿ ಬರೆಸುತ್ತಿದ್ದರು. ಕಡತಕ್ಕೆ ಸಹಿ ಬೇಕಾದವರು ಒಂದು ಚಮಚ ಹಿಡಿದು ಬಂದರೆ ಸಾಕು, ಯಾರೂ ತಡೆಯುತ್ತಿರಲಿಲ್ಲ. ನಾಲ್ಕು ವರ್ಷದಿಂದ ನಿಂತಿದ್ದ ಒಂದು ನಾಮಫಲಕದ ಕಡತ ಒಂದು ಸೌಟು ತೊಳೆಯುವಷ್ಟರಲ್ಲಿ ಮುಗಿಯಿತು. ವಾರ್ಷಿಕ ವರದಿಯಲ್ಲಿ ಇದನ್ನು 'ಆಡಳಿತದಲ್ಲಿ ಪಾರದರ್ಶಕತೆ' ಎಂಬ ಶೀರ್ಷಿಕೆಯಡಿ ಸೇರಿಸಲಾಗಿದೆ.

ಬಡಗಿ ಉಬ್ಬಿದ ಬೀರುವನ್ನು ಕಿತ್ತು ಹಾಕಿ, ಅದೇ ಮಾಮೂಲಿ ಪ್ಲೈವುಡ್ಡಿನಲ್ಲಿ ಹೊಸದು ಮಾಡಿದ. ಕೆಳಗೆ ಈಗ ಹನಿ ನೀರಿಲ್ಲ, ಹಲಗೆ ಕಡ್ಡಿಯಷ್ಟೂ ಕದಲಲಿಲ್ಲ. ಮೇಲೆ ದಿನವಿಡೀ ನೀರು ಎರಚಿದರೂ ಮೆರೈನ್ ಬೀರು ಮಿಸುಕಲಿಲ್ಲ. ಸರಿಯಾದ ಪ್ಲೈವುಡ್ಡು ಸರಿಯಾದ ಜಾಗದಲ್ಲಿದ್ದರೆ ಹೀಗೇ ಆಗುತ್ತದೆ ಎಂದು ಅವನು ಮೊದಲಿನಿಂದಲೂ ಹೇಳುತ್ತಲೇ ಇದ್ದ.

ಪರಿಶೀಲನೆ ನಡೆಯಿತು. ಬಾಗಿಲುಗಳನ್ನೆಲ್ಲ ಎಳೆದು ನೋಡಿದರು, ತಟ್ಟಿ ನೋಡಿದರು. ದೋಷ ಶೂನ್ಯ. ತೃಪ್ತಿಕರ ಪ್ರಮಾಣಪತ್ರ ಬಂತು. ಅದರ ಬೆನ್ನಿಗೇ ಆದೇಶವೂ ಬಂತು. ಬಡಗಿ ಕಾಯಂ! ಅವನು ಆದೇಶವನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಯವರೆಗೂ ಹೆಚ್ಚೂಕಡಿಮೆ ಓಡಿದ. ಹೆಂಡತಿ ಎರಡು ಸಲ ಓದಿದಳು, ಒಂದು ಸಲ ಜೋರಾಗಿ. "ನಾಳೆ ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗಿ," ಎಂದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹೊಗೆ ಅಂದಳು. ಒಲೆಯನ್ನು ಇನ್ನೂ ಹಚ್ಚಿರಲಿಲ್ಲ.

ಮರುದಿನ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ. ಚೆನ್ನಾಗಿಯೇ ಬಂತು. ಸಹಿಯ ಶಾಯಿ ಒಣಗುವ ಮೊದಲೇ ಮೇಲಿಂದ ಕರೆ ಬಂತು, ನಿರ್ದೇಶಕರ ಬೀರುವಿನ ಬಾಗಿಲಿನ ಹಿಂಜು ಸಡಿಲವಾಗಿದೆ ಎಂದು. ಎಷ್ಟು ಜನ ಒಳಗೆ ಹೊರಗೆ ಓಡಾಡುವ ಜಾಗ ಅದು! ಬಡಗಿ ಸ್ಕ್ರೂಡ್ರೈವರು ತೆಗೆದುಕೊಂಡು ಎರಡೆರಡು ಮೆಟ್ಟಿಲು ಹಾರಿ ಹತ್ತಿದ. ಬಾಗಿಲಲ್ಲಿ ಸೂಪರಿಂಟೆಂಡೆಂಟರು ಕೈ ಅಡ್ಡ ಹಿಡಿದರು.

"ಎಲ್ಲಿಗೆ?"

"ಹಿಂಜು ಸರ್."

"ಮುಟ್ಟೀರಾ ಜೋಕೆ! ಅದು ಪ್ರಥಮ ದರ್ಜೆ ಪ್ಲೈವುಡ್. ಇವತ್ತಿನಿಂದ ನೀವು ತೃತೀಯ ದರ್ಜೆ."

"ನಾನೇ ಮಾಡಿದ್ದಲ್ವಾ ಸರ್ ಅದು? ನಿನ್ನೆವರೆಗೂ ಮುಟ್ತಾ ಇದ್ನಲ್ಲ!"

"ನಿನ್ನೆವರೆಗೆ ನಿಮಗೆ ದರ್ಜೆಯೇ ಇರಲಿಲ್ಲ. ದರ್ಜೆ ಇಲ್ಲದವರನ್ನ ಯಾವ ನಿಯಮ ತಡೆಯುತ್ತೆ ಹೇಳಿ?"

ಬಡಗಿ ಸ್ಕ್ರೂಡ್ರೈವರನ್ನು ಜೇಬಿಗೆ ಇಳಿಸಿದ. ವಾದದಲ್ಲಿ ಎಲ್ಲಿಯೂ ಸಂದು ಬಿಟ್ಟಿರಲಿಲ್ಲ. ಕೆಳಗಿನ ಅಂತಸ್ತಿನ ಪ್ಲೈವುಡ್ಡನ್ನು ಅವನು ಎಷ್ಟು ಬೇಕಾದರೂ ಮುಟ್ಟಬಹುದಿತ್ತು. ಆದರೆ ಅಲ್ಲಿ ನೀರಿಲ್ಲವಾದ್ದರಿಂದ ರಿಪೇರಿಯೂ ಇರಲಿಲ್ಲ. ಹೀಗೆ ನಿರ್ದೇಶನಾಲಯಕ್ಕೆ ಒಬ್ಬ ಕಾಯಂ ಬಡಗಿ ದೊರೆತು, ಹಂಗಾಮಿ ಬಡಗಿಯ ಜಾಗ ಖಾಲಿ ಬಿತ್ತು. ಪ್ರಥಮ ದರ್ಜೆಯ ಪ್ಲೈವುಡ್ಡನ್ನು ಮುಟ್ಟುವ ಅರ್ಹತೆ ಇರುವವರು ಇಡೀ ಕಟ್ಟಡದಲ್ಲಿ ಒಬ್ಬರೇ ಆದ್ದರಿಂದ, ಆ ಹುದ್ದೆಯ ಹೆಚ್ಚುವರಿ ಪ್ರಭಾರವನ್ನು ನಿರ್ದೇಶಕರಿಗೇ ವಹಿಸಿ ಮಧ್ಯಾಹ್ನದೊಳಗೆ ಆದೇಶವಾಯಿತು.

ಈಗ ಬಡಗಿ ಇಸ್ತ್ರಿ ಅಂಗಿ ತೊಟ್ಟು, ನಿರ್ದೇಶಕರ ಕೋಣೆಯ ಹೊಸ್ತಿಲಿನಾಚೆ ಒಂದು ಸ್ಟೂಲಿನ ಮೇಲೆ ಕೂತಿರುತ್ತಾನೆ. ಕೈ ತುರಿಸುತ್ತದೆ, ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಾನೆ. ಒಳಗೆ ನಿರ್ದೇಶಕರು ಅಂಗಿಯ ತೋಳು ಮಡಚಿ, ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು ಬಾಗಿಲಿನೊಡನೆ ಗುದ್ದಾಡುತ್ತಿರುತ್ತಾರೆ. ಡಬ್ಬಿ ತೊಳೆಯಲು ನಿಂತ ಸಾಲಿನವರು ಅವರಿಗೆ ಬೆಳಕು ಬೀಳಲೆಂದು ಕೊಂಚ ಸರಿದು ಕೊಡುತ್ತಾರೆ.

"ಒತ್ತಬೇಡಿ ಸರ್, ತಿರುಗಿಸಿ. ಹಾಗಲ್ಲ, ಬಲಕ್ಕೆ. ಬಲಕ್ಕೆ! ಅಯ್ಯೋ, ಅದು ಎಡ," ಎಂದು ಬಡಗಿ ಹೊಸ್ತಿಲಿನಾಚೆಯಿಂದ ಕೂಗುತ್ತಾನೆ.

ಮೊನ್ನೆ ನಿರ್ದೇಶಕರು ಬೆವರೊರೆಸಿಕೊಂಡು, ಬಾಯಿಯ ಸ್ಕ್ರೂ ತೆಗೆದು, ದನಿ ತಗ್ಗಿಸಿ ಕೇಳಿದರು: "ಮೇಸ್ತ್ರಿ, ನಿಜ ಹೇಳ್ಬೇಕಂದ್ರೆ ಈ ಕೆಲಸ ನಂಗೆ ತುಂಬಾ ಹಿಡಿಸಿಬಿಟ್ಟಿದೆ. ಇದರಲ್ಲೇ ನನ್ನನ್ನ ಕಾಯಂ ಮಾಡ್ತಾರಾ?"

ಬಡಗಿ ಕತ್ತು ಚಾಚಿ ಹಿಂಜನ್ನು ನೋಡಿದ. ಸ್ಕ್ರೂ ಸೊಟ್ಟಗಿತ್ತು.

"ಮೊದಲು ಅನುಭವ ಆಗ್ಲಿ ಸರ್," ಎಂದ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು, ಯಾರೋ ನಲ್ಲಿ ತಿರುಗಿಸಿದರು.